ಬೀಗರ ಊಟಕ್ಕೆ ಹೋಗಿ ದವಾಖಾನೆ ಸೇರಿದ್ದು

ಎರಡು ವರ್ಷದ ಹಿಂದಿನ ಬೇಸಿಗೆ. ಮಗಳನ್ನು ಹಲವಾಗಲಿಗೆ ಮದುವೆ ಮಾಡಿಕೊಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ. ಬೀಗರ ಊಟಕ್ಕೆಂದು ಕೊಟ್ಟೂರಿನಿಂದ ನಾವೆಲ್ಲ ಕ್ರೂಸರ್ ಗಾಡಿ ಮಾಡಿಕೊಂಡು ಹೊರಟೆವು. ಕಿಟಕಿಯಿಂದ ಬರುವ ಗಾಳಿಯೂ ಒಲೆಯ ಮುಂದೆ ಕೂತಂತೆ ಸುಡುತ್ತಿತ್ತು.

ನಮ್ಮ ಮಾವನವರಿಗೆ ಆಗಲೇ ಎಪ್ಪತ್ತೈದು ದಾಟಿತ್ತು. ಹರೆಯದಲ್ಲಿ ಅವರು ಪಂಕ್ತಿಗೆ ಕೂತರೆ ಬಡಿಸುವವರೇ ಸೋಲಬೇಕಿತ್ತು. "ಕಲ್ಲು ತಿಂದು ಕರಗಿಸೋ ಹೊಟ್ಟಿ ನಮ್ದು" ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಆದರೆ ಕೆಲವು ವರ್ಷಗಳಿಂದ ಬೇಸಿಗೆ ಬಂತೆಂದರೆ ಆ ಹೊಟ್ಟೆ ಅವರ ಮಾತು ಕೇಳುತ್ತಿರಲಿಲ್ಲ. ಅಂದು ಬೆಳಿಗ್ಗೆಯೇ ಭೇದಿ ಶುರುವಾಗಿತ್ತಂತೆ. ಹೇಳಿದರೆ ಮನೆಯಲ್ಲೇ ಬಿಟ್ಟು ಹೋಗುತ್ತಾರೆಂದು ಬಾಯಿ ಬಿಡಲಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಬೇಕಾದೀತೆಂದು ನೀರನ್ನೂ ಮುಟ್ಟಿರಲಿಲ್ಲ.

ಹಲವಾಗಲಿನಲ್ಲಿ ಇಳಿದ ಮೇಲೆ ಮತ್ತೆ ಮತ್ತೆ ಹಿತ್ತಲಿಗೆ ಹೋಗಿ ಬಂದರು. ನನಗೆ ಅದರ ಕಡೆ ಗಮನವೇ ಇರಲಿಲ್ಲ. ಹೊಸ ಬೀಗರ ಮುಂದೆ ಎಲ್ಲಿ ಏನು ತಪ್ಪಾಗುತ್ತದೋ ಎಂಬ ಗಾಬರಿಯಲ್ಲೇ ಇದ್ದೆ. ಗಮನಿಸಿದವರು ಅಳಿಯನ ಅಜ್ಜಿ ಗಂಗಮ್ಮನವರು. ಅವರಿಗೂ ಹೆಚ್ಚುಕಡಿಮೆ ಮಾವನಷ್ಟೇ ವಯಸ್ಸು.

ಪಂಕ್ತಿ ಕೂತಿತು. ಹೋಳಿಗೆ, ತುಪ್ಪ, ಮಾವಿನ ಸೀಕರಣೆ, ಬದನೆಕಾಯಿ ಎಣ್ಣೆಗಾಯಿ. ಬೀಗರ ಊಟದಲ್ಲಿ ಬೇಡ ಎಂದವರಿಗೆ ಇನ್ನೆರಡು ಹಾಕುವುದು ನಮ್ಮ ಕಡೆಯ ರೂಢಿ. ಎಲೆ ಬಿಟ್ಟು ಎದ್ದರಂತೂ ದೊಡ್ಡ ಅವಮಾನ. ಅಳಿಯನ ಗೆಳೆಯರು ಹೋಳಿಗೆಯ ಬುಟ್ಟಿ ಹಿಡಿದು, "ಅಜ್ಜಾರ, ನಿಮ್ಮ ಹೆಸರು ಭಾಳ ಕೇಳೀವಿ. ಇವತ್ತು ನೋಡೇ ಬಿಡ್ತೀವಿ" ಎಂದು ಮಾವನವರ ಮುಂದೆ ನಿಂತರು. ಮಾವ ನಗುತ್ತಲೇ ಎಲೆಗೆ ಕೈ ಹಾಕಿದರು.

ಅಷ್ಟರಲ್ಲಿ ಗಂಗಮ್ಮನವರು ಬಂದು, ಗಂಡಸರ ಸಾಲಿನಲ್ಲೇ ಮಾವನ ಪಕ್ಕ ಕೂತುಬಿಟ್ಟರು. ನಿಂತು ಬಡಿಸಬೇಕಾದ ಹಿರಿಯಳು ಹೀಗೆ ಕೂತದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ನನಗ ಯಾಕೋ ತಲಿ ತಿರುಗಾಕ ಹತ್ತೈತಿ. ಹೊಟ್ಟಿನೂ ಸರಿ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ದವಾಖಾನಿಗೆ ಹೋಗಬೇಕು. ನನ್ನ ವಾರಿಗಿಯವರು, ನನ್ನ ವಯಸ್ಸಿನವರು ಅಂದ್ರ ಈ ಬೀಗರೊಬ್ಬರ ಅದಾರ, ಅವರ ನನ್ನ ಜೋಡಿಗೆ ಬರ್ಲಿ."

ಮಾವ ಅವರ ಮುಖವನ್ನೇ ನೋಡಿದರು. ಆಮೇಲೆ "ಆತ್ರಿ, ನಡೀರಿ" ಎಂದು ಎದ್ದರು. ಎದ್ದವರು ಜೋಲಿ ಹೊಡೆದಾಗ ರಟ್ಟೆ ಹಿಡಿದು ನಿಲ್ಲಿಸಿದ್ದು ತಲೆ ತಿರುಗುತ್ತದೆ ಎಂದಿದ್ದ ಆ ಕಾಯಿಲೆಯವರೇ! ನನಗೆ ಆಗ ಎಲ್ಲ ಹೊಳೆಯಿತು. ನಾನೂ ಓಡಿಹೋಗಿ ಗಾಡಿ ಹತ್ತಿದೆ.

ದವಾಖಾನೆಯಲ್ಲಿ ಡಾಕ್ಟರು, "ಯಾರಿಗೆ ಹುಷಾರಿಲ್ಲ?" ಎಂದರು.

"ನನಗರಿ. ಆದ್ರ ಸಲಾಯಿನ್ ಇವರಿಗೆ ಹಚ್ರಿ" ಎಂದರು ಗಂಗಮ್ಮನವರು.

ಡಾಕ್ಟರು ಎಲ್ಲ ಕೇಳಿ ತಿಳಿದುಕೊಂಡರು, ಮಾವನ ನಾಲಿಗೆ ನೋಡಿದರು, ಬಿ.ಪಿ. ನೋಡಿದರು, ತಕ್ಷಣ ಮಲಗಿಸಿದರು. "ಇಂಥ ಬಿಸಿಲಿಗೆ ಮೈ ತಂಪು ಮಾಡೋಕೆ ರಕ್ತ ಚರ್ಮದ ಕಡೆ ಹರೀತದೆ, ಕರುಳಿಗೆ ಕಡಿಮೆ ಬೀಳ್ತದೆ. ಹರೇದ ಕರುಳು ತಡಕೊಳ್ತದೆ, ಇವರದು ತಡಕೊಳ್ಳೋದು ಕಷ್ಟ. ಮೈಯಾಗ ನೀರು ಬತ್ತಿದ್ರೂ ಈ ವಯಸ್ಸಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗಲ್ಲ. ಹೋಳಿಗೆ ತಿನ್ನಿಸಿ ಇನ್ನೂ ತಡ ಮಾಡಿದ್ರೆ ಜೀವಕ್ಕೆ ಬರ್ತಿತ್ತು" ಎಂದರು.

ಹೊರಗೆ ಬೆಂಚಿನ ಮೇಲೆ ಕೂತು, "ನಿಮಗೆ ಹೆಂಗ ಗೊತ್ತಾತ್ರಿ?" ಎಂದು ಗಂಗಮ್ಮನವರನ್ನು ಕೇಳಿದೆ.

"ನಂದೂ ಅದಾ ಮುದಿ ಹೊಟ್ಟಿ ಅಲ್ಲೇನವ್ವ? ಹೋದ ಬ್ಯಾಸಗ್ಯಾಗ ನಾನೂ ಹಿಂಗ ಮುಚ್ಚಿಟ್ಟು ಬಿದ್ದಿದ್ದೆ. ನಮ್ಮ ವಯಸ್ಸಿನಾಗ ಹೊಟ್ಟಿಗಿಂತ ಮರ್ಯಾದಿ ದೊಡ್ಡದು" ಎಂದು ನಕ್ಕರು.

ಸಂಜೆ ಮನೆಗೆ ಮರಳಿದಾಗ ಎಲ್ಲರೂ ಗಂಗಮ್ಮನವರನ್ನೇ ಸುತ್ತಿಕೊಂಡರು. ಒಬ್ಬರು ಬೀಸಣಿಗೆ ತಂದರು, ಒಬ್ಬರು ದಿಂಬು ತಂದರು. ಅವರು ಯಾರಿಗೂ ನಿಜ ಹೇಳಲಿಲ್ಲ. ಸೀಕರಣೆಯೆಂದರೆ ಪ್ರಾಣ ಬಿಡುವವರು, ಸ್ವಂತ ಮೊಮ್ಮಗನ ಮದುವೆಯ ಹೋಳಿಗೆಯನ್ನು ಮುಟ್ಟದೆ, ಮಾವನ ಜೊತೆ ಕೂತು ಗಂಜಿ ಕುಡಿದರು. ಅಂಥ ದೊಡ್ಡ ಮನಸ್ಸನ್ನು ನಾನು ಬೇರೆ ಕಂಡಿಲ್ಲ. ಮಾವ ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು.

ಊರಿಗೆ ಹೊರಡುವಾಗ ಮಗಳನ್ನು ಪಕ್ಕಕ್ಕೆ ಕರೆದೆ. ಹೆತ್ತವಳ ಬಾಯಲ್ಲಿ ಇಂಥ ಮಾತು ಬಂದೀತೆಂದು ನಾನೇ ಎಣಿಸಿರಲಿಲ್ಲ.

"ಏನ ಆದ್ರೂ ಮೊದ್ಲು ಈ ಅಜ್ಜಿ ಮುಂದ ಹೇಳವ್ವ. ನನಗ ಆಮ್ಯಾಲ ಹೇಳಿದ್ರೂ ನಡೀತೈತಿ."