ಮುಗಿಯಿತು ಎಂದ ಯಂತ್ರ

ಅಂಧರ ಧ್ವನಿ ಪುಸ್ತಕಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳಿಗೆ ಜೊತೆ ಕೆಲಸದವರು ಇಟ್ಟ ಹೆಸರು ವಿಚಾರಣೆ ಅಕ್ಕ. ಹೆಸರಿಟ್ಟವರು ಯಾರೆಂದು ಆಕೆ ವಿಚಾರಿಸಿದ್ದಳು, ಯಾರೂ ಒಪ್ಪಿಕೊಳ್ಳಲಿಲ್ಲ. ಹೊಲಿಗೆ ಅಂಗಡಿ ಮುಚ್ಚಿ ಮನೆಗೆ ಬಂದ ಗಂಡನನ್ನು ‘ಬಂದ್ರಾ’ ಎಂದು ಕೇಳುವ ಹೆಂಡತಿ ಅವಳಲ್ಲ. ಬಂದಿರುವುದು ಕಣ್ಣಿಗೇ ಕಾಣುತ್ತದಲ್ಲ! ಇವತ್ತು ಕೊಟ್ಟ ಕೋಟು ಗಿರಾಕಿಯ ಮೈಗೆ ಹೊಂದಿತೇ, ಹೊಂದದಿದ್ದರೆ ತಪ್ಪು ಹೊಟ್ಟೆಯದೋ ಕತ್ತರಿಯದೋ, ಅದು ಅವಳಿಗೆ ಬೇಕು. “ಇವಳ ಕೈಯಿಂದ ಸತ್ತರೂ ಬಿಡುಗಡೆ ಇಲ್ಲ, ಹೇಗೆ ಸತ್ರಿ ಅಂತ ಕೇಳ್ತಾಳೆ” ಎಂದು ಅತ್ತೆ ಒಮ್ಮೆ ಅಂದಿದ್ದರು. ಅದು ಬೈಗುಳವೆಂದು ಅಕ್ಕನಿಗೆ ಅನ್ನಿಸಲೇ ಇಲ್ಲ. ಅವಳ ಕಸುಬಿಗೆ ಬೇಕಾದ ಗುಣವೇ ಅದು.

ಆ ಪುಸ್ತಕಾಲಯದಲ್ಲಿ ಗೋಡೆಗಳಿಗೆ ಹಳೆಯ ಕಂಬಳಿ ಬಡಿದ ಒಂದು ಕೋಣೆ. ಅಲ್ಲಿ ಕೂತು ಕಣ್ಣಿದ್ದವರು ಓದುತ್ತಾರೆ, ಕಣ್ಣಿಲ್ಲದವರು ತಮ್ಮ ಮನೆಯಲ್ಲಿ ಕೂತು ಕೇಳುತ್ತಾರೆ. ಓದಿನ ಜೊತೆಗೆ ಫ್ಯಾನಿನ ಗುಂಯ್ ಸದ್ದು, ಕೆಮ್ಮು, ಬೀದಿಯ ಹಾರ್ನ್ ಕೂಡ ಸೇರಿಕೊಂಡಿರುತ್ತವೆ. ಅವನ್ನು ಸೋಸಿ ತೆಗೆಯುವ ಪ್ರೋಗ್ರಾಮ್ ಒಂದಿತ್ತು. ಅದನ್ನು ಓಡಿಸುವುದು ಅಕ್ಕ ಬರೆದ ಪುಟ್ಟ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಕೊಟ್ಟ ಆಜ್ಞೆಗಳ ಪಟ್ಟಿ. ಹೀಗೆ ಒಂದು ಇನ್ನೊಂದನ್ನು ಹುಟ್ಟಿಸಿ ಕೆಲಸಕ್ಕೆ ಕಳಿಸಿದರೆ, ಆ ಕಸುಬಿನವರು ಕಳಿಸಿದ್ದನ್ನು ತಾಯಿ ಎನ್ನುತ್ತಾರೆ, ಹೋದದ್ದನ್ನು ಮಗು ಎನ್ನುತ್ತಾರೆ. ಮಗು ಮುಗಿದುಹೋಗುವಾಗ ಒಂದು ಅಂಕಿಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಎಲ್ಲ ಕ್ಷೇಮ. ಬೇರೆ ಯಾವ ಅಂಕಿ ಬಂದರೂ ಏನೋ ಎಡವಟ್ಟು. ಆ ಅಂಕಿಯನ್ನು ತಾಯಿಯೇ ಕೇಳಿ ತಿಳಿದುಕೊಳ್ಳಬೇಕು. ಕೇಳದಿದ್ದರೆ ಯಾರೂ ಬಾಗಿಲು ತಟ್ಟಿ ಹೇಳುವುದಿಲ್ಲ.

ಅಕ್ಕನ ಸ್ಕ್ರಿಪ್ಟ್ ತಪ್ಪದೆ ಕೇಳುತ್ತಿತ್ತು. ಸೊನ್ನೆ ಬಂದರೆ ಸೋಸಿದ ಧ್ವನಿಯನ್ನು ಕೇಳುಗರಿಗೆ ಕಳಿಸಿ ಮೂಲ ಧ್ವನಿಯನ್ನು ಅಳಿಸಿಬಿಡುತ್ತಿತ್ತು. ಡಿಸ್ಕಿನಲ್ಲಿ ಜಾಗವಿರಲಿಲ್ಲ. ಹೊಸ ಡಿಸ್ಕಿನ ಮಾತೆತ್ತಿದರೆ, ಮೊದಲೇ ಕಣ್ಣು ಕಾಣದ ಕಾರ್ಯದರ್ಶಿಗಳಿಗೆ ಕಿವಿಯೂ ಕೇಳಿಸುತ್ತಿರಲಿಲ್ಲ.

ಅದೇ ಕಾರ್ಯದರ್ಶಿಗಳು ಒಂದು ದಿನ ಅವಳ ಮೇಜಿನ ಬಳಿಗೆ ಬಂದರು. “ಯಂತ್ರ ಕೆಲಸ ಮುಗಿಸಿದ್ದು ನಿಮಗೆ ಪರದೆ ಮೇಲೆ ಕಾಣುತ್ತೆ. ನನಗೆ? ಇದು ಅಂಧರ ಸಂಸ್ಥೆ ಅಮ್ಮಾ. ಇಲ್ಲಿ ಏನೇ ಆದ್ರೂ ಬಾಯಿ ಬಿಟ್ಟು ಹೇಳ್ಬೇಕು.”

ನ್ಯಾಯವಾದ ಮಾತು. ಅಕ್ಕ ಅವತ್ತೇ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ಅಲ್ಲಿಂದ ಮುಂದೆ ಪ್ರತಿ ಸಲವೂ ಕಂಪ್ಯೂಟರ್ ತಗಡಿನಂಥ ಹೆಣ್ಣುದನಿಯಲ್ಲಿ “ಮುಗಿಯಿತು” ಎನ್ನುತ್ತಿತ್ತು. ಆಚೆ ಮೇಜಿನಿಂದ ಕಾರ್ಯದರ್ಶಿಗಳು “ಸಂತೋಷ” ಎನ್ನುತ್ತಿದ್ದರು. ಇಬ್ಬರ ನಡುವೆ ಒಳ್ಳೆಯ ಬಾಂಧವ್ಯ ಬೆಳೆಯಿತು.

ಅಲ್ಲಿ ಓದುವವರಲ್ಲಿ ಎಲ್ಲರೂ ಕಾದು ಕೇಳುತ್ತಿದ್ದ ದನಿ ಟೀಚರದು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಓದಿದ ಪುಸ್ತಕಗಳು ಒಂದು ಬೀರುವಿಗೆ ಆಗುವಷ್ಟಿದ್ದವು. ಅವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದರು. ಆಗ ಟೀಚರ ಕೈಯಲ್ಲಿ ಒಂದು ದಪ್ಪ ಕಾದಂಬರಿಯಿತ್ತು. ಮನೆ ಬಿಟ್ಟುಹೋದ ಅಣ್ಣನಿಗಾಗಿ ತಂಗಿಯೊಬ್ಬಳು ಜೀವಮಾನವಿಡೀ ಕಾಯುವ ಕಥೆ. ಶಸ್ತ್ರಚಿಕಿತ್ಸೆಗೆ ಮೊದಲು ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದು ಓದಿದರು. ಉದ್ದನೆಯ ಕೊನೆಯ ಅಧ್ಯಾಯವನ್ನು ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆಂಬಂತೆ ಓದಿ, ಬೆವರೊರೆಸಿಕೊಳ್ಳುತ್ತ ಹೊರಗೆ ಬಂದರು.

“ನನ್ನ ಬಾಯಿಂದ ಬರೋ ಕೊನೇ ಪುಸ್ತಕ. ಹಾಳಾಗದ ಹಾಗೆ ನೋಡ್ಕೋ.”

“ನನಗೆ ಬಿಡಿ ಟೀಚರ್,” ಎಂದಳು ಅಕ್ಕ.

ಯಂತ್ರ ಮುಗಿಯಿತು ಎಂದಿತು. ಕಾರ್ಯದರ್ಶಿಗಳು ಸಂತೋಷ ಎಂದರು. ಟೀಚರ್ ಆಸ್ಪತ್ರೆಗೆ ಹೋದರು.

ಅವರು ಮನೆಗೆ ಮರಳಿ, ಗಾಯ ಮಾಯುತ್ತಿದ್ದ ಕಾಲಕ್ಕೆ ಪುಸ್ತಕಾಲಯಕ್ಕೊಂದು ಫೋನ್ ಬಂತು. ದೊಡ್ಡ ಕಚೇರಿಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ, ಹುಟ್ಟಿನಿಂದ ಕಣ್ಣಿಲ್ಲದ ಕೇಳುಗ ಆತ.

“ಅಕ್ಕಾ, ಬಾಗಿಲ ಹೊರಗೆ ಯಾರು?”

ಅಕ್ಕ ಬಾಗಿಲ ಕಡೆ ನೋಡಿದಳು. “ಯಾರೂ ಇಲ್ವಲ್ಲ.”

“ನಿಮ್ಮ ಬಾಗಿಲಲ್ಲ ಅಕ್ಕಾ, ಕಾದಂಬರೀದು. ‘ಚಿಲಕ ಸರಿಸಿ ನೋಡಿದರೆ ಹೊರಗೆ’ ಅಂದ್ರು ಟೀಚರ್. ಅಷ್ಟೇ, ಆಮೇಲೆ ಮಾತೇ ಇಲ್ಲ. ಪುಸ್ತಕ ಇರೋದೇ ಹಾಗಾ? ಈಗಿನವರು ಹೇಗೆ ಬೇಕಾದ್ರೂ ಮುಗಿಸ್ತಾರೆ, ಅದಕ್ಕೆ ಕೇಳ್ದೆ.”

ಅಕ್ಕ ಬೀರುವಿನಿಂದ ಕಾದಂಬರಿಯನ್ನು ತೆಗೆದಳು. ಪುಸ್ತಕ ತೆರೆದು ನೋಡಿದರೆ ಹೊರಗೆ ಎಂಬ ಪದದ ಆಚೆಗೆ ಇನ್ನೂ ಹತ್ತಾರು ಪುಟಗಳಿದ್ದವು. ಮೂಲ ಧ್ವನಿ ಅಳಿಸಿಹೋಗಿತ್ತು. ಅದರ ಜಾಗದಲ್ಲಿ ನಿವೃತ್ತ ಎಂಜಿನಿಯರೊಬ್ಬರು ತೋಟಗಾರಿಕೆಯ ಪುಸ್ತಕ ಓದಿ ಹೋಗಿದ್ದರು. ಅಳಿಸಿದ್ದನ್ನು ಮತ್ತೆ ಎಬ್ಬಿಸುವ ಉಪಾಯಗಳನ್ನೆಲ್ಲ ಪ್ರಯೋಗಿಸಿದಾಗ ಅವಳಿಗೆ ಸಿಕ್ಕಿದ್ದು ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುವ ಕ್ರಮ.

ಸೊನ್ನೆ ಬಾರದೆ ಸ್ಕ್ರಿಪ್ಟ್ ಅಳಿಸುವುದಿಲ್ಲ, ಹಾಗಾದರೆ ಸೊನ್ನೆ ಬಂದದ್ದು ಹೇಗೆ? ಅಷ್ಟೇ ಉದ್ದದ ಧ್ವನಿಯೊಂದನ್ನು ಜೋಡಿಸಿ ಮತ್ತೆ ಓಡಿಸಿದಳು. ಪ್ರೋಗ್ರಾಮ್ ಅರ್ಧದಲ್ಲೇ ನಿಂತಿತು, ಯಂತ್ರ ಮುಗಿಯಿತು ಎಂದಿತು, ಅಂಕಿ ಸೊನ್ನೆ. ಮಾತಾಡುವ ಸಾಲನ್ನು ತೆಗೆದು ಓಡಿಸಿದಳು. ಈಗ ಬಂದ ಅಂಕಿ ನೂರ ಮೂವತ್ತೇಳು. ಹೊರಗಿನಿಂದ ನಿಲ್ಲಿಸಿದ ಕೆಲಸದ ಅಂಕಿಗೆ ನೂರ ಇಪ್ಪತ್ತೆಂಟು ಕೂಡಿಸಿ ಹೇಳುವುದು ಕಂಪ್ಯೂಟರಿನ ರೂಢಿ, ಅದನ್ನು ಕಳೆದರೆ ಉಳಿಯುವುದು ಒಂಬತ್ತು. ಒಂಬತ್ತು ಎಂದರೆ ಮಗು ತಾನಾಗಿ ಸತ್ತದ್ದಲ್ಲ, ಕೊಂದದ್ದು. ಮೆಮೊರಿ ಸಾಲದೆ ಹೋದಾಗ ಕಂಪ್ಯೂಟರ್ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿರುವವರನ್ನು ಹುಡುಕಿ ಮುಗಿಸಿಬಿಡುತ್ತದೆ. ಅದಕ್ಕೆ ಮೇಲ್ಮನವಿ ಇಲ್ಲ. ಟೀಚರ್ ನಿಲ್ಲಿಸದೆ ಓದಿದ ಅಧ್ಯಾಯ ಅದರ ಹೊಟ್ಟೆಗೆ ಭಾರವಾಗಿತ್ತು.

ಸ್ಕ್ರಿಪ್ಟಿಗೆ ನೆನಪಿರುವುದು ಎಲ್ಲಕ್ಕಿಂತ ಕೊನೆಗೆ ಮುಗಿದ ಕೆಲಸದ ಅಂಕಿ ಮಾತ್ರ. ಅಕ್ಕ ಮಾತಾಡುವ ಸಾಲನ್ನು ಸೇರಿಸಿದ್ದು ಮಗುವಿಗೂ ವಿಚಾರಣೆಗೂ ನಡುವೆ. ಮುಗಿಯಿತು ಎಂದು ಹೇಳುವುದೂ ಒಂದು ಕೆಲಸ, ಯಂತ್ರ ಅದನ್ನು ಪ್ರತಿ ಸಲವೂ ಅಚ್ಚುಕಟ್ಟಾಗಿ ಮಾಡುತ್ತಿತ್ತು. ಮಗು ಹೇಗಿದೆ ಎಂದು ತಾಯಿ ಕೇಳಿದರೆ, ಪಕ್ಕದಲ್ಲಿ ನಿಂತ ಡಂಗುರದವನು ತಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಸ್ಕ್ರಿಪ್ಟ್ ಅದನ್ನೇ ನಂಬಿ ಮೂಲವನ್ನು ಅಳಿಸುತ್ತಿತ್ತು. ಚಿಕ್ಕ ಚಿಕ್ಕ ಓದುಗಳು ಹೇಗೂ ಸರಿಯಾಗಿ ಸೋಸಿಹೋಗುತ್ತಿದ್ದುದರಿಂದ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಸರಿಪಡಿಸಲು ಒಂದೇ ಸಾಲು ಸಾಕಾಯಿತು: ಮಗುವಿನ ಅಂಕಿಯನ್ನು ಮೊದಲು ಎತ್ತಿಟ್ಟುಕೊಂಡು ಆಮೇಲೆ ಮಾತಾಡಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಾರ್ಯದರ್ಶಿಗಳು ಎಲ್ಲವನ್ನೂ ಕೇಳಿಸಿಕೊಂಡರು. “ಟೀಚರ್‌ಗೆ ಹೇಳೋದು ಬೇಡ ಅಮ್ಮಾ. ಕೊನೆ ಅಧ್ಯಾಯವನ್ನ ಬೇರೆ ಯಾರ ಕೈಲಾದ್ರೂ ಪೂರ್ತಿ ಓದಿಸಿ ಹಾಕಿಬಿಡೋಣ. ಮೊದಲೇ ನೊಂದಿದ್ದಾರೆ.”

ಅಕ್ಕನಿಗೂ ಹಾಗೆ ಮಾಡಬೇಕೆಂದು ಆಸೆಯಾಯಿತು. ಆದರೂ ಸಂಜೆ ಅವಳ ಕಾಲುಗಳು ಟೀಚರ ಮನೆಯ ಕಡೆಗೇ ನಡೆದವು. ಟೀಚರ್ ಕಿಟಕಿಯ ಹತ್ತಿರ ಕೂತಿದ್ದರು. ಕತ್ತಿನ ಬುಡದಲ್ಲಿ ಉಸಿರಾಟಕ್ಕೆಂದು ಮಾಡಿದ ತೂತು, ಅದರ ಮೇಲೊಂದು ತೆಳು ಬಟ್ಟೆ. ತೊಡೆಯ ಮೇಲೆ ಸ್ಲೇಟು. ಊರನ್ನೆಲ್ಲ ವಿಚಾರಿಸುವವಳು ಇವತ್ತು ಏನನ್ನೂ ವಿಚಾರಿಸಲಿಲ್ಲ. ನೆಲ ನೋಡುತ್ತ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. “ನಿಮ್ಮ ಓದನ್ನ ನನ್ನ ಕೈಯಾರೆ ಕಳೆದೆ ಟೀಚರ್. ನನಗೆ ಬಿಡಿ ಅಂದಿದ್ದೆ.”

ಟೀಚರ್ ಬಳಪ ಕೈಗೆತ್ತಿಕೊಂಡರು. ಸ್ಲೇಟಿನ ಮೇಲೆ ಬರೆದರು: ‘ಎಲ್ಲಿ ನಿಂತಿದೆ?’

“‘ಹೊರಗೆ’ ಅನ್ನೋ ಪದದಲ್ಲಿ.”

‘ಅಲ್ಲಿಂದ ನೀನು ಓದು.’

“ನಾನಾ? ನನ್ನ ದನಿ ಕೇಳೋ ಹಾಗಿಲ್ಲ ಟೀಚರ್. ಯಾರಾದ್ರೂ ಚೆನ್ನಾಗಿ ಓದೋರು ಅಧ್ಯಾಯನ ಮೊದಲಿಂದ ಓದಿದ್ರೆ ಒಂದೇ ಸಮ ಇರುತ್ತೆ.”

ಬಳಪ ಮುರಿಯುವಷ್ಟು ಒತ್ತಿ ಟೀಚರ್ ಬರೆದರು: ‘ನಾನು ಓದಿದ್ದನ್ನು ಮುಟ್ಟಬೇಡ.’

ಅಕ್ಕ ಅತ್ತಳು. ಟೀಚರ್ ಸ್ಲೇಟು ಒರೆಸುವ ಬಟ್ಟೆಯನ್ನು ಅವಳ ಕಡೆ ಚಾಚಿದರು. ಅದರಿಂದ ಮುಖ ಒರೆಸಿಕೊಂಡು, ಕೆನ್ನೆಯ ಮೇಲೆ ಬಳಪದ ಪುಡಿ ಹೊತ್ತುಕೊಂಡು ಅವಳು ಮನೆಗೆ ಹೋದಳು.

ಕಂಬಳಿ ಕೋಣೆಯಲ್ಲಿ ಅಕ್ಕ ಓದಿದಳು, ಎದುರಿಗೆ ಟೀಚರ್ ಕೂತರು. ತಪ್ಪಾದಾಗೆಲ್ಲ ಕೈಯೆತ್ತಿ ನಿಲ್ಲಿಸುತ್ತಿದ್ದರು. ಕೈ ಕೆಳಗಿದ್ದದ್ದಕ್ಕಿಂತ ಮೇಲಿದ್ದದ್ದೇ ಹೆಚ್ಚು. ಅಕ್ಕನ ಓದು ಬಸ್ ನಿಲ್ದಾಣದ ಪ್ರಕಟಣೆಯ ಹಾಗಿತ್ತು. ಬಾಗಿಲ ಹೊರಗೆ ಇದ್ದವನು ಅಣ್ಣನಲ್ಲ, ಹಾಲಿನವನು. ಅವಳು ಅದನ್ನು ಎಷ್ಟು ನಿರ್ವಿಕಾರವಾಗಿ ಓದಿದಳೆಂದರೆ, ಟೀಚರ ಭುಜಗಳು ನಗುವಿನಿಂದ ಕುಲುಕಿದವು, ಸದ್ದು ಮಾತ್ರ ಬರಲಿಲ್ಲ. ಓದು ಮುಗಿದ ಮೇಲೆ ಸೋಸುವ ಮಗು ಬಿಟ್ಟುಹೋದ ಅಂಕಿ ಸೊನ್ನೆ. ಅಕ್ಕ ಆ ಸೊನ್ನೆಯನ್ನೂ ನಂಬದೆ ಇಡೀ ಅಧ್ಯಾಯವನ್ನು ಕಿವಿಯಾರೆ ಕೇಳಿದ ಮೇಲೆಯೇ ಕಳಿಸಿದಳು.

ಆಪರೇಟರ್ ಮತ್ತೆ ಫೋನ್ ಮಾಡಿದಾಗ ಟೀಚರ್ ಹೊಸ ಪುಸ್ತಕಗಳನ್ನು ತಿರುವಿ ನೋಡುತ್ತ ಅಲ್ಲೇ ಕೂತಿದ್ದರು.

“ಕೇಳ್ದೆ ಅಕ್ಕಾ. ಹಾಲಿನವನು! ಇಷ್ಟು ದಿನ ಕಾಯಿಸಿ ಹಾಲಿನವನು!” ಎಂದ. “ನಿಮ್ಮ ಓದಿನ ಬಗ್ಗೆ ನಾನು ಏನೂ ಹೇಳಲ್ಲ. ಆದ್ರೆ ಟೀಚರ್ ದನಿ ನಡುವೆ ಹಾಗೆ ನಿಂತುಹೋಯ್ತಲ್ಲ... ಟೀಚರ್ ಹೇಗಿದ್ದಾರೆ? ನಿಜ ಹೇಳಿ. ಇದ್ದಾರಾ?”

ಚೆನ್ನಾಗಿದ್ದಾರೆ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ಆಡಲಿಲ್ಲ. ಫೋನಿನ ರಿಸೀವರನ್ನು ಟೀಚರ ಕೈಗೆ ಕೊಟ್ಟಳು.

“ನಿಮ್ಮನ್ನ ಕೇಳ್ತಿದ್ದಾರೆ.”

ಟೀಚರ್ ಅದನ್ನು ಕಿವಿಗೆ ಹಿಡಿದರು. ಆಮೇಲೆ ಕತ್ತಿನ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮಾತಾಡುವ ತುದಿಯನ್ನು ಆ ತೂತಿನ ಹತ್ತಿರ ಹಿಡಿದರು. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಹೋಯಿತು, ಬಂತು.

“ಗೊತ್ತಾಯ್ತು ಟೀಚರ್,” ಎಂದ ಆತ.

ಅವನ ಹಿಂದೆ ಎಕ್ಸ್‌ಚೇಂಜಿನ ಗಂಟೆಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದದ್ದು ಅಕ್ಕನಿಗೂ ಕೇಳಿಸುತ್ತಿತ್ತು. ಆತ ಯಾವುದನ್ನೂ ಎತ್ತಲಿಲ್ಲ.