ಅಥೆನ್ಸಿನಲ್ಲಾದರೆ ವಾಪಸ್ ಬರಬಹುದಿತ್ತು

ನನ್ನ ಗೆಳೆಯ ಮಧು ಅಪ್ಪನಾಗಿದ್ದಾನೆ. ಮಗುವನ್ನು ಇನ್ನೂ ಮುಟ್ಟಿಲ್ಲ.

ಕೊರೊನಾ ಶುರುವಾಗುವ ಸ್ವಲ್ಪ ಮುಂಚೆ ಹೆಂಡತಿ ಸುಮಾಳನ್ನು ಮೈಸೂರಿಗೆ ಕಳಿಸಿದ್ದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ! ನಾವಿರುವ ಕ್ಯೋಟೋದಲ್ಲಿ ಎಂಥ ಆಸ್ಪತ್ರೆ ಇದ್ದರೇನು, ಎಣ್ಣೆ-ನೀರು ಹಾಕುವವರು ಯಾರು? ಏರ್‌ಪೋರ್ಟಿನಲ್ಲಿ ನಾನು ಅವಳ ಅತ್ತೆಯ ದನಿ ತೆಗೆದು, "ಹುಷಾರು ಕಣಮ್ಮಾ, ಭಾರ ಎತ್ತಬೇಡ" ಎಂದು ನಗಿಸಿ ಕಳಿಸಿದ್ದೆ. (ನನ್ನ ಪಿಎಚ್‌ಡಿ ನಿಂತಲ್ಲೇ ನಿಂತಿದ್ದರೂ ಮಿಮಿಕ್ರಿ ಮಾತ್ರ ದಿನೇದಿನೇ ಬೆಳೆಯುತ್ತಿದೆ. ಗೈಡಿಗೆ ಹೇಳಬೇಡಿ.)

ಆಮೇಲೆ ಜಪಾನ್ ಬಾಗಿಲು ಹಾಕಿತು. ಇಲ್ಲೇ ಕೆಲಸ, ಮನೆ, ವೀಸಾ ಎಲ್ಲ ಇರುವ ನಮ್ಮಂಥ ವಿದೇಶಿಯರು ಹೊರಗೆ ಹೋಗಬಹುದು. ವಾಪಸ್ ಬರುವಂತಿಲ್ಲ. ಮಧುವಿನ ಲ್ಯಾಬಿನ ಜಪಾನಿ ಸಹೋದ್ಯೋಗಿ ಸಾತೋ ಸಾನ್ ಮಾತ್ರ ಜರ್ಮನಿಯಿಂದ ಬಂದರು, ಎರಡು ವಾರ ಮನೆಯಲ್ಲಿ ಕೂತರು, ಈಗ ಆರಾಮಾಗಿ ಸೈಕಲ್ ತುಳಿಯುತ್ತಿದ್ದಾರೆ. ವೈರಸ್ಸಿಗೂ ಪಾಸ್‌ಪೋರ್ಟ್ ಓದಲು ಬರುತ್ತದೆಯೇ?

ಹೋದರೆ ಮಧುವಿನ ಕೆಲಸ ಹೋಗುತ್ತದೆ. ಹೋಗದಿದ್ದರೆ? ಮಗು ಫೋನನ್ನೇ ಅಪ್ಪ ಅಂದುಕೊಳ್ಳುತ್ತದೆ.

ಅವನ ತಲೆ ಬೇರೆ ಕಡೆ ಓಡಲಿ ಎಂದು ಶನಿವಾರ ಒಂದು ಆನ್‌ಲೈನ್ ಉಪನ್ಯಾಸಕ್ಕೆ ಕೂರಿಸಿದೆ. ವಿಷಯ: ಪ್ರಾಚೀನ ಗ್ರೀಸಿನ ನಗರರಾಜ್ಯಗಳು. ಕೊರೊನಾ ಇಲ್ಲದ ವಿಷಯ ಅನ್ನುವುದೊಂದೇ ನನ್ನ ಲೆಕ್ಕಾಚಾರ. (ಅಥೆನ್ಸಿನಲ್ಲೂ ಭಯಂಕರ ಪಿಡುಗು ಬಂದಿತ್ತಂತೆ. ಲೆಕ್ಕಾಚಾರ ಅಲ್ಲೇ ಕೈಕೊಟ್ಟಿತು.)

ಮೋರಿ ಸೆನ್ಸೇ (ಇಲ್ಲಿ ಮೇಷ್ಟ್ರಿಗೆ ಹಾಗನ್ನುತ್ತಾರೆ) ಚೆನ್ನಾಗಿಯೇ ಹೇಳಿದರು. ಒಂದು ಊರೇ ಒಂದು ದೇಶ. ಜನ ಒಟ್ಟಿಗೆ ಕೂತು ನಾಟಕ ನೋಡುತ್ತಿದ್ದರು, ಕೈ ಎತ್ತಿ ಕಾನೂನು ಮಾಡುತ್ತಿದ್ದರು. ಆದರೆ ಕೈ ಎತ್ತಬೇಕಾದರೆ ಗಂಡಸಾಗಿರಬೇಕು, ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರೇ ಆಗಿರಬೇಕು. ಹೊರಗಿನಿಂದ ಬಂದು ನೆಲೆಸಿದವರು 'ಮೆಟಿಕ್'ಗಳು. ತೆರಿಗೆ ಕಟ್ಟಬೇಕು, ಯುದ್ಧಕ್ಕೂ ಹೋಗಬೇಕು, ಹಬ್ಬದ ಮೆರವಣಿಗೆಯಲ್ಲಿ ತಟ್ಟೆ ಹೊರಬೇಕು. ಕೈ ಮಾತ್ರ ಎತ್ತುವಂತಿಲ್ಲ.

"ಲೋ, ನಾವೇ ಕಣೋ ಇದು!" ಎಂದೆ, ಸೆನ್ಸೇ ದನಿಯಲ್ಲೇ. "ಟ್ಯಾಕ್ಸ್ ಕಟ್ತೀವಿ, ಹಬ್ಬಕ್ಕೆ ಕರೆದ್ರೆ ಪಲ್ಲಕ್ಕಿಗೂ ಹೆಗಲು ಕೊಡ್ತೀವಿ."

ಮಧು ನಗಲಿಲ್ಲ. ಮೈಕ್ ಆನ್ ಮಾಡಿದ. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಶುರುಮಾಡಿ, ಇಂಗ್ಲಿಷಿನಲ್ಲಿ ಕೇಳಿದ: "ಮೆಟಿಕ್ ಒಬ್ಬನ ಹೆಂಡತಿ ಬೇರೆ ಊರಿನಲ್ಲಿ ಹೆತ್ತರೆ, ಅವನು ಮಗು ನೋಡಿಕೊಂಡು ಅಥೆನ್ಸಿಗೆ ವಾಪಸ್ ಬರಬಹುದಿತ್ತಾ?"

ಸೆನ್ಸೇ ನಕ್ಕರು. "ಯಾಕೆ ಬರಬಾರದು? ಹಡಗು ಹತ್ತಿದರಾಯಿತು." ಆಮೇಲೆ ಏನೋ ಹೊಳೆದಂತೆ ಕೇಳಿದರು: "ನಿಮ್ಮ ಮಗು ಎಲ್ಲಿದೆ?"

"ಮೈಸೂರಿನಲ್ಲಿ, ಸೆನ್ಸೇ."

ಅವರು ತಲೆ ಬಾಗಿಸಿದರು. ಎಷ್ಟು ಬಾಗಿಸಿದರೆಂದರೆ ಸ್ಕ್ರೀನಿನಲ್ಲಿ ಬಿಳಿಕೂದಲು ಬಿಟ್ಟು ಬೇರೇನೂ ಕಾಣಲಿಲ್ಲ. ಬಾಗಿಲು ಹಾಕಿದ್ದು ಅವರಲ್ಲ. ಹಾಕಿದವರು ಯಾರೂ ಹೀಗೆ ಬಾಗಿದ್ದನ್ನು ನಾನು ನೋಡಿಲ್ಲ.

ಮಧು ಲ್ಯಾಪ್‌ಟಾಪ್ ಮುಚ್ಚಿದ. "ಸ್ಪೆಷಲ್ ಫ್ಲೈಟ್ ಯಾವತ್ತಿದೆ ನೋಡೋ."

"ಕೆಲಸ?"

"ಇನ್ನೊಂದು ಹುಡುಕ್ಕೋಬಹುದು. ಮಗಳು ಇಷ್ಟು ಚಿಕ್ಕವಳಾಗಿ ಇನ್ನೊಂದ್ಸಲ ಸಿಗ್ತಾಳಾ?"

ಈ ಸಲ ಯಾರ ದನಿಯನ್ನೂ ತೆಗೆಯದೆ ಫ್ಲೈಟ್ ಹುಡುಕಲು ಕೂತೆ.

ವಾಪಸ್ ಬರಲು ಬಿಡದ ಊರನ್ನು ಇಷ್ಟು ದಿನ 'ನಮ್ಮೂರು' ಎಂದು ಹೇಳಿಕೊಂಡು ತಿರುಗಿದ್ದು ನಾವೇ ತಾನೆ?