ಸಣ್ಣೀರಪ್ಪ ಬಿದ್ದದ್ದು ಗ್ರಾಫಿಕ್ಸ್ ಅಲ್ಲ

ನಾನು ನಿಂತಿದ್ದದ್ದು ಹರಿಯಬ್ಬೆಯಿಂದ ಧರ್ಮಪುರದ ಕಡೆ ಹೋಗುವ ದಾರಿಯ ಎಡಗಡೆ, ಕೆಲಸ ನಿಂತುಹೋಗಿದ್ದ ಒಂದು ಕಲ್ಲುಕ್ವಾರಿಯ ಅಂಚಿನಲ್ಲಿ, ಕ್ಯಾಮೆರಾದ ಹಿಂದೆ. ಏಳು ವರ್ಷದ ಕೆಳಗೆ, ಸಂಕ್ರಾಂತಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ. ಹೊತ್ತನ್ನು ಊಹಿಸಿ ಹೇಳುತ್ತಿಲ್ಲ. ಕ್ಯಾಮೆರಾ ತಾನೇ ಬರೆದಿಟ್ಟುಕೊಂಡಿದೆ. ನನ್ನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಕ್ವಾರಿಯ ಗುಂಡಿಗೆ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ ಕುರಿ ಕಾಯುವ ಸಣ್ಣೀರಪ್ಪ ನಿಂತಿದ್ದರು. ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿಯಿರಿ ಎಂದು ನಾನು ಹೇಳಿದೆ. ಅವರು ಸರಿದರು. ಬಿದ್ದರು.

ಅವರು ಕುಡಿದಿರಲಿಲ್ಲ. ಕುಡಿದಿದ್ದರು ಎಂದು ಹೇಳಿದವನು ನಾನು.

ಇಷ್ಟನ್ನು ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯುವುದಿಲ್ಲ. ಹೇಗೆ ಬಿದ್ದರು, ನಾನು ಯಾಕೆ ಹಾಗೆ ಹೇಳಿದೆ — ಅದನ್ನೂ ಒಂದೊಂದಾಗಿ ಹೇಳಬೇಕು.

ಹಿರಿಯೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ಮಾಡುತ್ತಿದ್ದೆ. ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಉಚಿತವಾಗಿ ಸಿಗುವ ಸಾಫ್ಟ್‌ವೇರುಗಳಲ್ಲಿ ಗ್ರಾಫಿಕ್ಸ್ ಮಾಡುವುದನ್ನು ಒಬ್ಬನೇ ಕಲಿತಿದ್ದೆ. ಗೆಳೆಯ ಓಂಕಾರ ವಿಮೆಯ ಏಜೆಂಟ್, ಸಿನಿಮಾದ ಹುಚ್ಚಿನವನು. ಒಬ್ಬ ಕುರಿಗಾಹಿಯ ಕಥೆ ಬರೆದುಕೊಂಡು ಬಂದ. ಕೊನೆಯಲ್ಲಿ ಆ ಕುರಿಗಾಹಿ ಚಿರತೆಗೆ ಹೆದರಿ ಹಿಂದೆ ಹಿಂದೆ ಸರಿಯುತ್ತ ಆಳವಾದ ಕಣಿವೆಗೆ ಬಿದ್ದು ಸಾಯುತ್ತಾನೆ. ನಮ್ಮ ಬಳಿ ಕಣಿವೆಯೂ ಇರಲಿಲ್ಲ, ಚಿರತೆಯೂ ಇರಲಿಲ್ಲ. "ಎರಡೂ ನಾನು ಮಾಡ್ತೀನಿ, ನೀನು ಮನುಷ್ಯನ್ನ ಹುಡುಕು" ಎಂದೆ. ಅವನು ಹುಡುಕಿ ತಂದ ಮನುಷ್ಯ ಸಣ್ಣೀರಪ್ಪ. ಹರಿಯಬ್ಬೆಯವರು, ಐವತ್ತೈದು ದಾಟಿದವರು. ಹೆಗಲ ಮೇಲೆ ಕಂಬಳಿ, ಮಾತಿಗೊಂದು ತಮಾಷೆ. ಕುರಿಗಳೂ ಅವರವೇ.

ಕ್ವಾರಿಯ ಗುಂಡಿ ಒಂದೂವರೆ ಆಳಿನಷ್ಟು ಆಳ. ಅದನ್ನು ಕಣಿವೆಯಂತೆ ಕಾಣಿಸಬೇಕಾದರೆ ಗುಂಡಿಯನ್ನು ಮರೆಸಬೇಕು. ಶಾಮಿಯಾನದವರಿಂದ ಗಿಳಿಹಸಿರು ಬಟ್ಟೆ ತಂದು ಗುಂಡಿಯ ಬಾಯಿಗೆ ಅಡ್ಡಲಾಗಿ ಎಳೆದು ಕಟ್ಟಿದೆವು — ಆಚೆ ದಡದಲ್ಲಿ ಎರಡು ಜಾಲಿಮರಕ್ಕೆ ಹಗ್ಗ, ಈಚೆ ಬಂಡೆಯ ಮೇಲೆ ಕಲ್ಲುಗಳ ಹೇರು. ಕಂಪ್ಯೂಟರು ಆ ಹಸಿರನ್ನು ಮಾತ್ರ ಗುರುತಿಸಿ ತೆಗೆದುಹಾಕುತ್ತದೆ. ಆ ಜಾಗದಲ್ಲಿ ನಾವು ಬೇಕಾದ ಕಣಿವೆಯನ್ನು ಕೂರಿಸಬಹುದು. ಮೊದಲು ಕಟ್ಟಿದಾಗ ಬಟ್ಟೆಯ ಈಚಿನ ಭಾಗ ಎರಡು ಮೊಳದಷ್ಟು ಬಂಡೆಯ ಮೇಲೆಯೇ ಹಾಸಿತ್ತು. ಅದರ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇದನ್ನು ದಾಟಬೇಡಿ ಎಂದು ನಾನೇ ಹೇಳಿದ್ದೆ.

ಎಂಟೂವರೆಗೆ ಗಾಳಿ ಎದ್ದಿತು. ಬಟ್ಟೆ ಸುಕ್ಕಾಯಿತು. ಸುಕ್ಕಿನಲ್ಲಿ ನೆರಳು ಬಿದ್ದರೆ ಹಸಿರು ಒಂದೇ ಹಸಿರಾಗಿ ಉಳಿಯುವುದಿಲ್ಲ, ಕಂಪ್ಯೂಟರಿಗೆ ಗುರುತು ತಪ್ಪುತ್ತದೆ. ಅದಕ್ಕೆ ನಾನು ಆಚೆ ದಡಕ್ಕೆ ಹೋಗಿ ಹಗ್ಗವನ್ನು ಬಿಗಿದು ಕಟ್ಟಿದೆ. ಬಟ್ಟೆ ಬಂಡೆಯ ಮೇಲಿಂದ ಆಚೆಗೆ ಜಾರಿತು. ಎರಡು ಮೊಳ ಇದ್ದದ್ದು ಒಂದು ಗೇಣಾಯಿತು. ನೋಡಿದೆ. ಸುಕ್ಕು ಹೋಯಿತಲ್ಲ ಎಂದು ಖುಷಿಯಾಯಿತು. ಗೇಣನ್ನು ಮರೆತೆ.

ಮೂರನೆಯ ಸಲ ಚಿತ್ರಿಸುವಾಗ ಕ್ಯಾಮೆರಾದ ಪರದೆಯಲ್ಲಿ ಸಣ್ಣೀರಪ್ಪನವರ ಕಾಲಿನ ಹಿಂದೆ ಬಂಡೆ ಕಾಣುತ್ತಿತ್ತು. ಅವರ ಕಾಲು ಪೂರ್ತಿ ಹಸಿರಿನ ಮೇಲೆ ಬರದಿದ್ದರೆ ಆಮೇಲೆ ಒಂದೊಂದು ಚಿತ್ರವನ್ನೂ ಬೇರೆಬೇರೆ ತೆಗೆದು, ಕಾಲಿನ ಅಂಚನ್ನು ಕೈಯಿಂದಲೇ ಕತ್ತರಿಸುತ್ತ ಕೂರಬೇಕು. ವಾರದ ಕೆಲಸ. ನನ್ನ ಆ ಒಂದು ವಾರವನ್ನು ಉಳಿಸಿಕೊಳ್ಳಲು —

"ಅಣ್ಣ, ಇನ್ನೊಂದ್ ಹೆಜ್ಜೆ ಹಿಂದಕ್ಕೆ ಸರೀರಿ. ಬಟ್ಟೆ ಮೇಲೆ ಕಾಲಿಟ್ರೂ ಪರವಾಗಿಲ್ಲ" ಎಂದೆ.

ಅವರು ಕತ್ತು ತಿರುಗಿಸಿ ಬಟ್ಟೆಯನ್ನು ನೋಡಿದರು. "ಲೇ ಅಪ್ಪ, ಇದ್ರ ಕೆಳಗೆ ಏನೈತೆ ಅಂತ ನನ್ನ ಟಗರಿಗೂ ಗೊತ್ತಾಗಾದಿಲ್ಲ. ಬಂಡೆ ಐತೇನೋ?"

"ಕೆಳಗೆ ಬಂಡೆ ಐತೆ. ಬರ್ರಿ."

"ನೀನು ಹೇಳಿದ್ಮೇಲೆ ಮುಗೀತು ಬಿಡು" ಎಂದು ನಕ್ಕು, ನನ್ನ ಕಡೆ ತಿರುಗಿ, ಇಲ್ಲದ ಚಿರತೆಗೆ ಹೆದರಿದವರಂತೆ ಮುಖ ಮಾಡಿ, ಕಾಲನ್ನು ಹಿಂದಕ್ಕೆ ಇಟ್ಟರು.

ಅವರು ಕೂಗಲಿಲ್ಲ. ಇದನ್ನು ಬರೆಯಲೇಬೇಕು. ಕಂಬಳಿಯನ್ನು ಹಿಡಿದುಕೊಂಡರು, ಅಷ್ಟೇ. ಬಟ್ಟೆ ಅವರನ್ನು ಒಂದು ಕ್ಷಣ ತಡೆದಂತೆ ಮಾಡಿ ಕಲ್ಲುಗಳ ಸಮೇತ ಜಾರಿತು.

ಸೊಂಟದ ಮೂಳೆ ಮುರಿದಿತ್ತು. ತಲೆಯ ಹಿಂಭಾಗಕ್ಕೆ ಕಲ್ಲು ಬಡಿದಿತ್ತು. ಹಿರಿಯೂರಿಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಸಾಗಿಸಿದೆವು. ಮೂರು ದಿನ ಎಚ್ಚರವಿರಲಿಲ್ಲ. ಮಗಳು ರತ್ನಮ್ಮ ಸಂಜೆಯ ಹೊತ್ತಿಗೆ ಬಸ್ಸಿನಲ್ಲಿ ಬಂದರು. ಹೆಂಡತಿ ತೀರಿಹೋದ ಮೇಲೆ ಸಣ್ಣೀರಪ್ಪ ಇದ್ದದ್ದು ಅವರ ಮನೆಯಲ್ಲಿ. ಬಂದವರೇ ಓಂಕಾರನನ್ನು ಬಿಟ್ಟು ನೇರವಾಗಿ ನನ್ನ ಬಳಿ ಬಂದರು.

"ಅಣ್ಣ, ನಿಜ ಹೇಳಿ. ಅಪ್ಪ ಕುಡಿದಿದ್ನಾ?"

ಅವರು ಹಾಗೆ ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸಣ್ಣೀರಪ್ಪ ಹಿಂದೆ ಕುಡಿಯುತ್ತಿದ್ದರೆಂದೂ, ಹೆಂಡತಿ ಸತ್ತ ವರ್ಷ ಮನೆದೇವರ ಮುಂದೆ ಕಂಬಳಿ ಹಾಸಿ, ಅದನ್ನು ಮುಟ್ಟಿ ಆಣೆ ಮಾಡಿ ಬಿಟ್ಟಿದ್ದರೆಂದೂ ಆಮೇಲೆ ತಿಳಿಯಿತು. ಕುರಿ ಕಾಯುವ ಅವರ ಜನರಲ್ಲಿ ಕಂಬಳಿ ಮುಟ್ಟಿ ಮಾಡಿದ ಆಣೆಗಿಂತ ದೊಡ್ಡ ಆಣೆ ಇಲ್ಲ. ಆ ಕ್ಷಣದಲ್ಲಿ ನನಗೆ ಕಂಡದ್ದು ಒಂದೇ — ತಪ್ಪಿಸಿಕೊಳ್ಳಲು ಒಂದು ಬಾಗಿಲು. ಅವರೇ ತೆರೆದಿದ್ದರು.

"ಸ್ವಲ್ಪ ವಾಸನೆ ಬಂತು" ಎಂದೆ.

ಮೂರು ಪದ. ರತ್ನಮ್ಮ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತರು. "ಕ್ಯಾಮೆರಾ ಆವಾಗ ಆಫ್ ಆಗಿತ್ತು" ಎಂದೂ ಸೇರಿಸಿದೆ. ಯಾರೂ ಕೇಳಿರಲಿಲ್ಲ.

ಮಾರನೆಯ ದಿನ ಸಾಮಾನು ತರಲು ಕ್ವಾರಿಗೆ ಹೋದಾಗ ಗೌರಮ್ಮ ಸಿಕ್ಕರು. ನಮಗೆಲ್ಲ ಅಡುಗೆ ಮಾಡುತ್ತಿದ್ದವರು. ಬಿದ್ದ ಹೊತ್ತಿನಲ್ಲಿ ನನ್ನ ಬಲಕ್ಕೆ, ಬೇವಿನ ಮರದ ಕೆಳಗೆ ಈರುಳ್ಳಿ ಹೆಚ್ಚುತ್ತ ಕುಳಿತಿದ್ದರು.

"ಏನಪ್ಪ, ಕುಡ್ದು ಬಿದ್ದ ಅಂತ ಊರಲ್ಲೆಲ್ಲ ಹೇಳ್ತಾವ್ರೆ. ಬಂಡೆ ಐತೆ ಬರ್ರಿ ಅಂದವ ನೀನಲ್ವೇನು? ನಂಗೇನ್ ಕಿವುಡೇ?"

"ಅವ್ವ, ಪೊಲೀಸ್ ಕೇಸ್ ಆಗ್ತದೆ. ನಿನ್ನನ್ನೂ ಠಾಣೆಗೆ ಕರೀತಾರೆ. ಸುಮ್ಮನಿದ್ದುಬಿಡು."

ಅವರು "ಥೂ" ಎಂದು ಪಾತ್ರೆ ಎತ್ತಿಕೊಂಡು ಹೋದರು. ಗಂಡನಿಲ್ಲದ ಹೆಂಗಸನ್ನು ಠಾಣೆಯ ಹೆಸರು ಹೇಳಿ ಹೆದರಿಸಿದೆ. ಇದೂ ನನ್ನ ಕೆಲಸವೇ.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ನಿಲ್ಲಿಸಲಿಲ್ಲ. ಕಣಿವೆಗೆ ಬೀಳುವ ದೃಶ್ಯಕ್ಕೆಂದು ಗೋಣಿಚೀಲದಲ್ಲಿ ಹುಲ್ಲು ತುಂಬಿ, ಕಂಬಳಿ ಸುತ್ತಿ ಎಸೆದಿದ್ದೆವು. ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಅದು ಗೋಣಿಚೀಲವೇ. ಎರಡು ತಿಂಗಳು ಒದ್ದಾಡಿದೆ. ಒಂದು ಮಧ್ಯಾಹ್ನ ಆ ಮೂರನೆಯ ಚಿತ್ರಿಕೆಯನ್ನು ತೆರೆದೆ. ಮೊದಲ ಸಲ ಪೂರ್ತಿ ನೋಡಲಾಗಲಿಲ್ಲ. ಎರಡನೆಯ ಸಲ ನೋಡಿದೆ. ಮೂರನೆಯ ಸಲ — ಹೇಗೆ ಹೇಳಲಿ — ಮೂರನೆಯ ಸಲ ಅದನ್ನು ಕೆಲಸಗಾರನ ಕಣ್ಣಿನಲ್ಲಿ ನೋಡಿದೆ. ಬೆಳಕು ಚೆನ್ನಾಗಿದೆ, ದೇಹದ ಭಾರ ಕಾಣುತ್ತದೆ ಎಂದುಕೊಂಡೆ.

ಹಸಿರನ್ನು ತೆಗೆದೆ. ಜಾರಿದ ಕಲ್ಲುಗಳನ್ನು ಅಳಿಸಿದೆ. ಕೆಳಗೆ ಕಣಿವೆಯನ್ನಿಟ್ಟೆ, ಮುಂದೆ ಚಿರತೆಯನ್ನಿಟ್ಟೆ. ನನ್ನ ದನಿಯನ್ನು ಕತ್ತರಿಸಿದೆ. ಸಿನಿಮಾದಲ್ಲಿ ಕೇಳುವ ಆ ಉದ್ದನೆಯ ಕೂಗು ಸಣ್ಣೀರಪ್ಪನವರದಲ್ಲ. ಸ್ಟುಡಿಯೊದ ಬಾಗಿಲು ಹಾಕಿಕೊಂಡು ನಾನು ಕೂಗಿದ್ದು. ಓಂಕಾರನಿಗೆ ತೋರಿಸಿದಾಗ ಎದ್ದು ಹೊರಗೆ ಹೋದ. ತಿರುಗಿ ಬಂದು "ಇರ್ಲಿ" ಎಂದ. ಆಮೇಲೆ ನಾವಿಬ್ಬರೂ ಅದರ ಬಗ್ಗೆ ಮಾತಾಡಿಲ್ಲ.

ಚಿತ್ರದುರ್ಗದಲ್ಲಿ ಮೊದಲ ಪ್ರದರ್ಶನದ ದಿನ ಜನ ಆ ದೃಶ್ಯಕ್ಕೆ ಚಪ್ಪಾಳೆ ಹೊಡೆದರು. "ಕಾಸಿಲ್ದೆ ಮಾಡಿದ್ರೂ ಗ್ರಾಫಿಕ್ಸ್ ಅಂದ್ರೆ ಹಿಂಗಿರ್ಬೇಕು ನೋಡ್ರಿ" ಎಂದು ಒಬ್ಬರು ಬೆನ್ನು ತಟ್ಟಿದರು. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕಾಲೇಜುಗಳವರು ಕರೆದರು. ಕಡಿಮೆ ಖರ್ಚಿನಲ್ಲಿ ಗ್ರಾಫಿಕ್ಸ್ ಮಾಡುವುದು ಹೇಗೆ ಎಂದು ಹೇಳಿಕೊಟ್ಟೆ. ಅದರಲ್ಲಿ ಹೆಚ್ಚಿನದು ನಿಜವೇ. ಆದರೆ ಪ್ರತಿ ಸಲವೂ ಯಾರಾದರೂ ಆ ಬೀಳುವುದನ್ನು ಕೇಳುತ್ತಿದ್ದರು. ಮನುಷ್ಯನ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟಿದೆ, ಕಂಬಳಿಗೆ ಬೇರೆ ತೂಕ ಕೊಟ್ಟೆ ಎಂದು ಹೇಳುತ್ತಿದ್ದೆ. ಹುಡುಗ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಎಲ್ಲೋ ಒಂದು ಕೋಣೆಯಲ್ಲಿ ಕುಳಿತು ಯಾರೋ ಹಾಗೆ ಮಾಡಲು ಹೋಗಿ, ಬಾರದೆ, ತಮ್ಮ ಕೈಯಲ್ಲೇ ಆಗುವುದಿಲ್ಲವೆಂದು ಬಿಟ್ಟಿರಬಹುದು. ಅವರಿಗೂ ಹೇಳುತ್ತೇನೆ — ಅದು ಹಾಗೆ ಬರುವುದಿಲ್ಲ.

ಎರಡು ವರ್ಷದ ಮೇಲೆ ಸಣ್ಣೀರಪ್ಪ ಸ್ಟುಡಿಯೊಕ್ಕೆ ಬಂದರು. ಪಿಂಚಣಿ ಅರ್ಜಿಗೆ ಫೋಟೊ ಬೇಕಾಗಿತ್ತು. ಕೋಲು ಊರಿಕೊಂಡು, ಮೆಟ್ಟಿಲು ಹತ್ತಲು ಬಹಳ ಹೊತ್ತು ತೆಗೆದುಕೊಂಡರು. ಹೆಗಲು ಬರಿದಾಗಿತ್ತು.

"ಕಂಬಳಿ ಎಲ್ಲಣ್ಣ?" ಎಂದೆ, ಮಾತಿಗೆ.

"ಅದನ್ನ ಮುಟ್ಟಿ ಆಣೆ ಮಾಡಿದ್ನಲ್ಲಪ್ಪ. ತಪ್ಪಿದ್ಮೇಲೆ ಹೆಗಲಿಗೆ ಹಾಕ್ಕಂಡು ತಿರುಗಾಕಾಯ್ತದಾ?"

ಫೋಟೊ ತೆಗೆದೆ. ಅವರು ಎದ್ದು ಹೋಗಲಿಲ್ಲ.

"ಒಂದು ಕೇಳ್ತೀನಿ. ನಂಗೆ ಆವತ್ತಿಂದು ಒಂದೂ ನೆಪ್ಪಿಲ್ಲ. ಬೆಳಿಗ್ಗೆ ಗೌರವ್ವ ಟೀ ಕೊಟ್ಟಿದ್ದು ನೆಪ್ಪೈತೆ. ಆಮೇಲೆ ಆಸ್ಪತ್ರೆ ಫ್ಯಾನು. ನಡುವೆ ಎಲ್ಲಿ ಕುಡ್ದೆ, ಯಾರ ಹತ್ರ ಇಸ್ಕಂಡೆ? ದೇವ್ರಿಗೆ ತಪ್ಪುಕಾಣಿಕೆ ಕಟ್ಟಿದೀನಿ. ಆದ್ರೆ ಮಾಡಿದ ತಪ್ಪೇ ನೆಪ್ಪಿಲ್ದೆ ಕಾಣಿಕೆ ಕಟ್ಟಿದ್ರೆ ಆ ದೇವ್ರಾದ್ರೂ ಹೆಂಗ್ ತಗಂತದೆ? ನೀನು ಅಲ್ಲೇ ಇದ್ದೆ. ನಾನು ಕುಡ್ದಿದ್ನಾ?"

ಅವರ ಕಣ್ಣಿನಲ್ಲಿ ಅನುಮಾನ ಇರಲಿಲ್ಲ. ನನ್ನ ಮೇಲೆ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ —

"ನಂಗೂ ಸರಿಯಾಗಿ ನೆನಪಿಲ್ಲಣ್ಣ" ಎಂದೆ.

"ಹೋಗ್ಲಿ ಬಿಡು. ಆ ನಿನ್ನ ಕ್ಯಾಮೆರಾನೂ ಮಲಗಿತ್ತಂತೆ. ಒಳ್ಳೆ ಜನ ಸೇರಿದ್ವಿ ನಾವು" ಎಂದು ನಕ್ಕರು. ಬಾಗಿಲ ಬಳಿ ನಿಂತು ತಿರುಗಿದರು. "ಪಿಚ್ಚರಲ್ಲಿ ನಾನು ಬೀಳಾದು ಚೆನ್ನಾಗಿ ಮಾಡಿದೀಯ ಕಣಪ್ಪ. ಎಲ್ಲಾರೂ ಅಂತಾರೆ. ನಾನು ಬಿದ್ದಿದ್ದೂ ಹಂಗೇನಾ?"

ನಾನು ಕಂಪ್ಯೂಟರಿನ ಕಡೆ ತಿರುಗಿ, ಫೋಟೊ ಹಾಳೆ ಸರಿಯಾಗಿ ಬರುತ್ತಿದೆಯೇ ಎಂದು ನೋಡುವವನಂತೆ ನಟಿಸಿದೆ.

ಅದಕ್ಕೂ ಈಗ ಐದು ವರ್ಷವಾಯಿತು. ಕುರಿಗಳನ್ನು ಅಳಿಯನ ಕೈಗೆ ಕೊಟ್ಟಿದ್ದಾರೆ. ಕುಡುಕನ ಕೈಯಲ್ಲಿ ಮಂದೆ ಬಿಡುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾಯಿತಂತೆ. ಅವರೇ ಒಪ್ಪಿ ಕೊಟ್ಟರಂತೆ. ಕಾಲು ನೆಟ್ಟಗಿದ್ದಿದ್ದರೂ ಕೊಡುತ್ತಿದ್ದೆ ಎಂದು ಹೇಳಿದರಂತೆ. ಈ 'ಅಂತೆ'ಗಳನ್ನೆಲ್ಲ ನಾನು ಧರ್ಮಪುರದ ಬಸ್ಸಿನಲ್ಲಿ ಬಂದವರ ಬಾಯಿಂದ ಕೇಳಿದ್ದು. ಹೋಗಿ ನೋಡಲಿಲ್ಲ. ನನಗೆ ಸುಸ್ತಾಗಿದೆ ಎಂದು ಬರೆಯಲು ಕೈ ಬರುತ್ತದೆ, ಆದರೆ ಸುಸ್ತಾಗುವ ಹಕ್ಕೂ ನನ್ನದಲ್ಲ. ಈ ಏಳು ವರ್ಷ ತಾವು ಮಾಡದ ತಪ್ಪನ್ನು ನೆನಪಿಸಿಕೊಳ್ಳಲು ದಿನವೂ ಯತ್ನಿಸಿದವರು ಅವರು.

ರತ್ನಮ್ಮನವರೇ, ಇನ್ನು ಮುಂದಿನದು ನಿಮಗೆ. ನಿಮ್ಮ ತಂದೆ ಆಣೆ ತಪ್ಪಿಲ್ಲ. ವಾಸನೆ ಬರಲಿಲ್ಲ, ನಾನು ಅವರ ಹತ್ತಿರಕ್ಕೇ ಹೋಗಿರಲಿಲ್ಲ, ಹನ್ನೆರಡು ಹೆಜ್ಜೆ ದೂರದಲ್ಲಿದ್ದೆ. ಕ್ಯಾಮೆರಾ ಓಡುತ್ತಿತ್ತು. ತಿದ್ದದ ಚಿತ್ರಿಕೆ ನನ್ನ ಬಳಿ ಇದೆ. ಅದರಲ್ಲಿ ನನ್ನ ಮಾತು ಸ್ಪಷ್ಟವಾಗಿ ಕೇಳುತ್ತದೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಅದನ್ನು ತೆಗೆದುಕೊಂಡು ಹರಿಯಬ್ಬೆಗೆ ಬರುತ್ತೇನೆ. ಮೊದಲು ಅವರಿಗೆ ಬಾಯಲ್ಲಿ ಹೇಳುತ್ತೇನೆ. ನೋಡುವುದೋ ಬೇಡವೋ ಅವರೇ ಹೇಳಲಿ. ಆಮೇಲೆ ನೀವು ಠಾಣೆಗೆ ಹೋಗುವುದಾದರೆ ನಾನೂ ಜೊತೆಗೆ ಬರುತ್ತೇನೆ. ಕ್ಷಮಿಸಿ ಎಂದು ಇಲ್ಲಿ ಬರೆಯುವುದಿಲ್ಲ. ಅದು ಕೇಳಿ ಪಡೆಯುವ ವಸ್ತುವಲ್ಲ ಎಂದು ಈಗ ತಿಳಿದಿದೆ.

ಸಿನಿಮಾದ ಚಿತ್ರವನ್ನೇ ತಿದ್ದಿದವನು ಇದನ್ನೂ ತಿದ್ದಿರಬಹುದೆಂದು ನೀವು ಅನುಮಾನಿಸಿದರೆ ಅದು ನ್ಯಾಯವೇ. ಅದಕ್ಕೆ ಆ ಬೆಳಿಗ್ಗೆ ಅಲ್ಲಿ ಕಣ್ಣಾರೆ ಕಂಡವರ ಹೆಸರು ಬರೆಯುತ್ತೇನೆ. ಮೈಕು ಹಿಡಿದಿದ್ದ ಹೊಳಲ್ಕೆರೆಯ ಶಿವಣ್ಣ. ಹೋದ ವರ್ಷ ತೀರಿಕೊಂಡರು. ಓಂಕಾರ; ಈಗ ಹೊಸದುರ್ಗದಲ್ಲಿದ್ದಾನೆ, ಕೇಳಿದರೆ ಸುಳ್ಳು ಹೇಳಲಾರ ಎಂದು ನಂಬಿದ್ದೇನೆ, ಖಚಿತವಿಲ್ಲ. ಮತ್ತು ಗೌರಮ್ಮ. ನಿಮ್ಮ ಊರಿನಲ್ಲೇ, ಶಾಲೆಯ ಹಿಂದಿನ ಬೀದಿಯಲ್ಲಿ ಇದ್ದಾರೆ. ನಾನು ಬರುವ ತನಕ ಕಾಯಬೇಡಿ. ಇವತ್ತೇ ಹೋಗಿ ಅವರನ್ನು ಕೇಳಿ.